ಗೃಹಾರೋಗ್ಯ: ಗೊರಕೆಯ ಕಾರಣಗಳು

ಕಳೆದ ತಿಂಗಳು ವಾಚಕಿಯರೊಬ್ಬರು ಬರೆದ ಕಾಗದದಲ್ಲಿ ಈ ವಾಕ್ಯವಿತ್ತು: "ನಮ್ಮ ಯಜಮಾನರ ಗೊರಕೆ ಕೇಳಿಸುತ್ತಿರುವವರೆಗೆ ನನಗೆ ಭಯವಿಲ್ಲ, ಅದು ನಡುವೆ ನಿಂತುಹೋದಾಗ ಎದ್ದು ಕುಳಿತುಕೊಳ್ಳುತ್ತೇನೆ." ಗೊರಕೆಯನ್ನು ಕೇವಲ ಪರಿಹಾಸ್ಯದ ವಸ್ತುವೆಂದೆಣಿಸಿರುವ ಮಹನೀಯರು ಈ ವಾಕ್ಯವನ್ನು ಮತ್ತೊಮ್ಮೆ ಓದಬೇಕಾಗಿ ಬೇಡುತ್ತೇನೆ.

ಕುಂಭಕರ್ಣನನ್ನು ಎಬ್ಬಿಸಹೋದ ರಾಕ್ಷಸರು ಅವನ ನಿಶ್ವಾಸದ ರಭಸಕ್ಕೆ ಎದುರಾಗಿ ನಿಲ್ಲಲಾರದೆ ಹೋದರೆಂದು ವಾಲ್ಮೀಕಿಮಹರ್ಷಿಗಳು ಯುದ್ಧಕಾಂಡದಲ್ಲಿ ವರ್ಣಿಸಿದ್ದಾರೆ. ಅಂದಿನಿಂದ ನಮ್ಮ ಮನೆಗಳಲ್ಲಿ ಗೊರಕೆ ಹೊಡೆಯುವಾತನಿಗೆ ಆ ಬಿರುದು ತಪ್ಪಿದ್ದಲ್ಲ. ಗೊರಕೆಯು ಗಾಢನಿದ್ರೆಯ ಗುರುತೆಂಬ ನಂಬಿಕೆಯೂ ಅದರೊಡನೆಯೇ ಬೆಳೆದುಬಂದಿತು. ಈ ನಂಬಿಕೆ ಬಹುಮಟ್ಟಿಗೆ ತಪ್ಪು.

ಎಚ್ಚರವಾಗಿರುವಾಗ ಗಂಟಲಿನ ಮಾಂಸಖಂಡಗಳು ಬಿಗಿಯಾಗಿದ್ದು ಉಸಿರಿನ ದಾರಿಯನ್ನು ತೆರೆದಿಟ್ಟಿರುತ್ತವೆ. ನಿದ್ರೆ ಹತ್ತಿದೊಡನೆ ಅವು ಸಡಿಲುತ್ತವೆ. ಅಂಗಾತ ಮಲಗಿದವನ ನಾಲಗೆಯ ಬುಡವು ಹಿಂದಕ್ಕೆ ಜಾರಿ ದಾರಿಯನ್ನು ಮತ್ತಷ್ಟು ಕಿರಿದುಗೊಳಿಸುತ್ತದೆ. ದಾರಿ ಕಿರಿದಾದಷ್ಟೂ ಗಾಳಿಯ ವೇಗವು ಹೆಚ್ಚುವುದಷ್ಟೆ. ಆ ವೇಗಕ್ಕೆ ಸಿಕ್ಕಿ ಮೃದುತಾಲುವೂ ಕಿರುನಾಲಗೆಯೂ ಬಿರುಗಾಳಿಯಲ್ಲಿ ಬಾಳೆಯೆಲೆಯು ಅದುರುವಂತೆ ಅದುರುತ್ತವೆ. ಆ ಅದುರಿಕೆಯ ಧ್ವನಿಯೇ ಗೊರಕೆ.

ಆದುದರಿಂದ ದಾರಿಯನ್ನು ಕಿರಿದುಮಾಡುವುದೆಲ್ಲವೂ ಗೊರಕೆಗೆ ಕಾರಣವೇ. ನೆಗಡಿಯಿಂದ ಮೂಗು ಕಟ್ಟುವುದು, ಮೂಗಿನ ನಡುಗೋಡೆಯು ಒಂದು ಪಕ್ಕಕ್ಕೆ ವಾಲಿರುವುದು, ಕೆಳದವಡೆ ಚಿಕ್ಕದಾಗಿರುವುದು, ವಯಸ್ಸು ಏರುವುದು, ಇವೆಲ್ಲ ಸಾಮಾನ್ಯ. ರಾತ್ರಿಯ ಹೊತ್ತು ಸೇವಿಸಿದ ಮದ್ಯವೂ ನಿದ್ರೆಯ ಗುಳಿಗೆಯೂ ಗಂಟಲಿನ ಮಾಂಸಖಂಡಗಳನ್ನು ಮಿತಿಮೀರಿ ಸಡಿಲಿಸುತ್ತವೆ. ಸ್ತ್ರೀಯರಲ್ಲಿ ಗರ್ಭಿಣಿಯರಿಗೂ ಮುಟ್ಟು ನಿಂತವರಿಗೂ ಇದು ಹೆಚ್ಚು; ಅವರು ನಾಚಿಕೊಂಡು ಮುಚ್ಚಿಡುತ್ತಾರೆಂಬುದೊಂದೇ ಭೇದ.

ಸ್ಥೂಲಕಾಯದ ವಿಷಯವನ್ನು ಮಾತ್ರ ಸ್ವಲ್ಪ ವಿಸ್ತರಿಸಬೇಕು. ಕೊಬ್ಬು ಹೊಟ್ಟೆಯಲ್ಲಿ ಮಾತ್ರವೇ ಸೇರುವುದಿಲ್ಲ, ಕೊರಳಿನ ಸುತ್ತಲೂ ನಾಲಗೆಯಲ್ಲೂ ಸೇರಿ ಉಸಿರಿನ ದಾರಿಯನ್ನು ಒತ್ತುತ್ತದೆ. ಅಂಗಿಯ ಕೊರಳಪಟ್ಟಿ ವರ್ಷದಿಂದ ವರ್ಷಕ್ಕೆ ಬಿಗಿಯಾಗುತ್ತಿದ್ದರೆ ಅಗಸನನ್ನು ಬಯ್ಯಬೇಕಾಗಿಲ್ಲ. ಸುಶ್ರುತಸಂಹಿತೆಯಲ್ಲಿ ಅತಿಸ್ಥೂಲನ ಲಕ್ಷಣಗಳನ್ನು ಹೇಳುವಾಗ ನಿದ್ರೆಯ ಜೊತೆಗೆ 'ಕ್ರಥನ'ವೆಂಬುದನ್ನೂ ಎಣಿಸಿದ್ದಾರೆ. ಹಠಾತ್ತನೆ ಉಸಿರು ಕಟ್ಟುವುದೆಂದು ಆ ಶಬ್ದಕ್ಕೆ ಅರ್ಥಹೇಳುತ್ತಾರೆ. ವಿದ್ಯಾರ್ಥಿದೆಸೆಯಲ್ಲಿ ಈ ಪದವನ್ನು ಬಾಯಿಪಾಠ ಮಾಡಿದ್ದೆನೇ ಹೊರತು ಅದು ಪಕ್ಕದ ಮನೆಯ ಜಗಲಿಯ ಮೇಲೂ ಮಲಗಿರಬಹುದೆಂದು ಹೊಳೆದಿರಲಿಲ್ಲ.

ನಮ್ಮ ವಾಚಕಿಯರು ಹೆದರಿದ್ದು ಇದಕ್ಕೇ. ಕಿರಿದಾದ ದಾರಿ ಪೂರ್ತಿ ಮುಚ್ಚಿಕೊಂಡಾಗ ಗೊರಕೆ ನಿಲ್ಲುತ್ತದೆ, ಎದೆ ಮಾತ್ರ ಉಸಿರಿಗಾಗಿ ಹೆಣಗುತ್ತಿರುತ್ತದೆ. ೧೦ ಸೆಕೆಂಡು, ಕೆಲವೊಮ್ಮೆ ಅದಕ್ಕೂ ಬಹಳ ಹೆಚ್ಚು ಕಾಲ ಕಳೆದ ಮೇಲೆ ಮಿದುಳು ಗಾಬರಿಗೊಂಡು ಕ್ಷಣಮಾತ್ರ ಎಚ್ಚರಿಸುತ್ತದೆ. ದೊಡ್ಡ ಸದ್ದಿನೊಡನೆ ಉಸಿರು ಮರಳುತ್ತದೆ. ತೀವ್ರವಾದ ರೋಗದಲ್ಲಿ ಗಂಟೆಗೆ ೩೦ ಸಲಕ್ಕೂ ಮೇಲ್ಪಟ್ಟು ಹೀಗಾಗುವುದುಂಟು. ಬೆಳಗಾದ ಮೇಲೆ ರೋಗಿಗೆ ಇದಾವುದೂ ನೆನಪಿರುವುದಿಲ್ಲ. ತಲೆನೋವು, ಹಗಲಿನ ತೂಕಡಿಕೆ, ಮುಂಗೋಪ ಇವಷ್ಟೇ ಉಳಿಯುತ್ತವೆ. ರಕ್ತದೊತ್ತಡಕ್ಕೂ ಹೃದ್ರೋಗಕ್ಕೂ ಇದರೊಡನೆ ನಂಟುಂಟು. ವಾಹನ ನಡೆಸುವಾತನ ತೂಕಡಿಕೆಯಿಂದ ಏನಾದೀತೆಂಬುದನ್ನು ಹೇಳಬೇಕಾಗಿಲ್ಲ.

ಮಕ್ಕಳ ಗೊರಕೆಯನ್ನು ಕುರಿತು ನನ್ನದೇ ಒಂದು ತಪ್ಪನ್ನು ಹೇಳಿಕೊಳ್ಳಬೇಕು. ನನ್ನ ತರಗತಿಯಲ್ಲಿ ಸದಾ ಬಾಯಿ ತೆರೆದುಕೊಂಡು ಮಧ್ಯಾಹ್ನಕ್ಕೆ ಮುಂಚೆಯೇ ತೂಕಡಿಸುವ ಹುಡುಗನೊಬ್ಬನಿದ್ದನು. ಸೋಮಾರಿಯೆಂದು ಅವನನ್ನು ಎಷ್ಟೋ ದಿನ ಬೆಂಚಿನ ಮೇಲೆ ನಿಲ್ಲಿಸಿದೆನು. "ರಾತ್ರಿಯೆಲ್ಲಾ ಗೊರಗುಟ್ಟುತ್ತಾನೆ, ಮೇಷ್ಟ್ರೇ" ಎಂದು ಅವನ ತಾಯಿ ಹೇಳಿದಾಗ, ಹಾಗಾದರೆ ನಿದ್ರೆಗೇನೂ ಕೊರತೆಯಿಲ್ಲವಲ್ಲ ಎಂದು ಉತ್ತರಕೊಟ್ಟೆನು. ಟಾನ್ಸಿಲ್ ಗ್ರಂಥಿಗಳೂ ಮೂಗಿನ ಹಿಂಬದಿಯ ಅಡಿನಾಯ್ಡ್ ಗ್ರಂಥಿಯೂ ಊದಿಕೊಂಡರೆ ಮಕ್ಕಳು ಹೀಗೆಯೇ ಇರುತ್ತಾರೆಂಬುದೂ, ಶಸ್ತ್ರಚಿಕಿತ್ಸೆಯಿಂದ ಬಹಳ ಮಕ್ಕಳಿಗೆ ಗುಣವಾಗುವುದೆಂಬುದೂ ನನಗೆ ತಿಳಿದದ್ದು ಅವನು ಶಾಲೆ ಬಿಟ್ಟುಹೋದ ಮೇಲೆ. ಅವನಿಗಿದ್ದುದು ಅದೇ ಹೌದೋ ಅಲ್ಲವೋ, ಈಗ ಕೇಳುವಂತಿಲ್ಲ.

ಸಾಧಾರಣವಾದ ಗೊರಕೆಗೆ ಮಗ್ಗುಲಾಗಿ ಮಲಗುವುದು, ತೂಕವಿಳಿಸುವುದು, ಮದ್ಯವನ್ನು ಬಿಡುವುದು, ಮೂಗಿನ ದೋಷಕ್ಕೆ ಚಿಕಿತ್ಸೆ ಪಡೆಯುವುದು ಸಾಕಾಗಬಹುದು. ಮಲಗಿದವನ ಮೂಗು ಹಿಡಿಯುವ ಮನೆಮದ್ದು ಸಲ್ಲದು. ಉಸಿರು ನಿಲ್ಲುವ ರೋಗಕ್ಕಾದರೋ ೧೯೮೧ರಲ್ಲಿ ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ಡಾಕ್ಟರ್ ಕಾಲಿನ್ ಸಲಿವನ್ ಎಂಬವರು ಒಂದು ಯಂತ್ರೋಪಾಯವನ್ನು ಪ್ರಕಟಿಸಿದರು. ಮೂಗಿನ ಮೇಲಿಟ್ಟ ಮುಸುಕಿನ ಮೂಲಕ ಸ್ವಲ್ಪ ಒತ್ತಡದಿಂದ ಗಾಳಿಯನ್ನು ಕಳುಹಿಸಿ ದಾರಿ ಮುಚ್ಚದಂತೆ ನೋಡಿಕೊಳ್ಳುವ ಈ ಯಂತ್ರ ಈಗ ನಮ್ಮ ಪಟ್ಟಣಗಳಲ್ಲೂ ದೊರೆಯುತ್ತದೆ.

ಕಾಗದ ಬರೆದ ತಾಯಿಯವರು ಎರಡು ಮೂರು ರಾತ್ರಿ ಗಡಿಯಾರವನ್ನು ಹತ್ತಿರವಿಟ್ಟುಕೊಂಡು, ಉಸಿರು ಎಷ್ಟು ಸಲ, ಎಷ್ಟು ಹೊತ್ತು ನಿಲ್ಲುವುದೆಂದು ಬರೆದಿಟ್ಟುಕೊಳ್ಳಲಿ. ಆ ಚೀಟಿಯನ್ನು ವೈದ್ಯರಿಗೆ ತೋರಿಸಿದರೆ ಅವರು ರಾತ್ರಿಯ ನಿದ್ರಾಪರೀಕ್ಷೆಗೆ ಏರ್ಪಾಡು ಮಾಡುವರು. ಯಜಮಾನರು ತಾವು ಗೊರಕೆ ಹೊಡೆಯುವುದೇ ಇಲ್ಲವೆಂದು ವಾದಿಸಿದರೆ (ಎಲ್ಲರೂ ವಾದಿಸುವರು), ಈ ಪುಟವನ್ನು ಅವರ ಬೆಳಗಿನ ಕಾಫಿಯ ಲೋಟದ ಪಕ್ಕದಲ್ಲಿಡಬಹುದು.