ದಿಂಡಿಗೆ ಹೊರಟವರ ಹಾಸಿಗೆ

ಆಷಾಢ ಏಕಾದಶಿ ಸಮೀಪಿಸಿತೆಂದರೆ ಠಾಣೆ, ಡೊಂಬಿವಲಿ, ಕಲ್ಯಾಣಗಳ ಹೋಟೆಲುಗಳಿಂದ ನಮ್ಮ ಹುಡುಗರು ಕೆಲವರು ಪಂಢರಪುರದ ವಾರಿಗೆ ಹೊರಡುತ್ತಾರೆ. ಆಳಂದಿಯಿಂದ ಸುಮಾರು 250 ಕಿಲೋಮೀಟರು ಕಾಲ್ನಡಿಗೆ, ಅದೂ ಮಳೆಗಾಲದಲ್ಲಿ. ಅವರ ಭಕ್ತಿಯ ವಿಷಯದಲ್ಲಿ ನಾವು ಹೇಳತಕ್ಕುದೇನೂ ಇಲ್ಲ. ಗಂಟಿನ ವಿಷಯದಲ್ಲಿ ಇದೆ.

ದಿಂಡಿಯ ಲಾರಿ ಸಾಮಾನು ಒಯ್ಯುತ್ತದೆಯಲ್ಲ ಎನ್ನುವವರುಂಟು. ಹಣ ಕಟ್ಟಿ ಹೆಸರು ಬರೆಸಿದವರಿಗೆ ಅದು ಸರಿ. ರಜೆ ಸಿಕ್ಕಷ್ಟು ದಿನ ನಡುವೆ ಸೇರಿ ನಡೆಯುವವನು ತನ್ನ ಗಂಟನ್ನು ತಾನೇ ಹೊರಬೇಕು. ಊರಿನಿಂದ ತಂದ ಕಂಬಳಿ ತುಸು ತೊಯ್ದರೂ ಬೆಚ್ಚಗಿಡುವುದು ನಿಜ. ಆದರೆ ನೀರು ಕುಡಿದ ಕಂಬಳಿ ಒಣಗುವ ಮೊದಲೇ ಬೆಳಗಾಗುತ್ತದೆ. ಪುಣೆಯಿಂದ ಸಾಸವಡಕ್ಕೆ ದಿವೆ ಘಾಟು ಹತ್ತುವಾಗ ಅದರ ಭಾರ ತಿಳಿಯುತ್ತದೆ. ಹತ್ತಿಯ ಗಾದಿಯ ಮಾತಂತೂ ಬೇಡ.

ಹೊದೆಯುವುದಕ್ಕಿಂತ ಹಾಸುವುದೇ ಮುಖ್ಯವೆಂದು ನಮ್ಮ ಅಭಿಪ್ರಾಯ. ಮೈಯ ಕಾವನ್ನು ಎಳೆದುಕೊಳ್ಳುವುದು ಹಸಿ ನೆಲ. ಕೆಳಗೊಂದು ದಪ್ಪ ಪ್ಲಾಸ್ಟಿಕ್ ಹಾಳೆ, ಮೇಲೆ ಸುರುಳಿ ಸುತ್ತುವ ಫೋಮ್ ಚಾಪೆ, ಹೊದೆಯಲು ತೆಳು ಚಾದರ, ಇಷ್ಟು ಸಾಕು. ಸೊಲ್ಲಾಪುರದ ದಪ್ಪ ಚಾದರ ಮನೆಯಲ್ಲಿರಲಿ, ಅಂಗಡಿಯವನು ಎಷ್ಟೇ ಹೊಗಳಲಿ. ಹಗಲು ಮಳೆ ಹಿಡಿದರೆ ಅದೇ ಹಾಳೆ ತಲೆಗೂ ಆಯಿತು.

ಮಾಲೀಕ ಬಂಧುಗಳಿಗೂ ಒಂದು ಮಾತು. ಗಿರಾಕಿಗಳು ಹೋದ ಮೇಲೆ ಬೆಂಚು ಜೋಡಿಸಿ ಮಲಗುವ ಹುಡುಗನಿಗೆ ಸ್ವಂತ ಹಾಸಿಗೆ ಎಲ್ಲಿಯದು? ಹಾಳೆ, ಚಾಪೆಗಳನ್ನು ಮಾಲೀಕರೇ ಕೊಡಿಸಲಿ. ನಮ್ಮ ಹೋಟೆಲಿನ ಹುಡುಗನೊಬ್ಬ ಹೀಗೆಯೇ ತೊಯ್ದ ಕಂಬಳಿಯಲ್ಲಿ ಮಲಗಿ, ಜ್ವರ ಹೊತ್ತು ಮರಳಿದ್ದನು. ಅವನು ಮಲಗಿದ್ದ ಅಷ್ಟೂ ದಿನಗಳ ಪಗಾರವನ್ನು ನಾವು ಕಡಿದಿದ್ದೆವು.