ಮರ ಬೀಳುವ ದಿಕ್ಕು

ಹುಣಸೆ ಮುಪ್ಪಾದರೂ ಹುಳಿ ಮುಪ್ಪೇ ಎಂದು ಹಿರಿಯರು ಕೇಳಿದ್ದಾರೆ. ಸಾರಿನ ಪಾತ್ರೆಗೆ ನಿಂಬೆಗಾತ್ರದ ಹುಣಸೆಯನ್ನು ಕಿವುಚಿ ಹಾಕುವ ಪಟ್ಟಣದ ಗೃಹಿಣಿಗೆ ಈ ಗಾದೆಯನ್ನು ಯಾರೂ ವಿವರಿಸಿ ಹೇಳಬೇಕಾಗಿಲ್ಲ. ಆದರೆ ಮುಪ್ಪಾದ ಹುಣಸೆಯ ಮರವೇ ನೆಲಕ್ಕುರುಳಬೇಕಾದ ದಿನ ಬಂದಾಗ ಅದು ಹೇಗೆ ಉರುಳುತ್ತದೆ, ಅದನ್ನು ಉರುಳಿಸುವವನು ಏನೇನನ್ನು ಲೆಕ್ಕ ಹಾಕುತ್ತಾನೆ ಎಂಬುದನ್ನು ಬಲ್ಲವರು ಪಟ್ಟಣದಲ್ಲಿ ವಿರಳ.

ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ಈ ನಾಲ್ಕು ತಾಲ್ಲೂಕುಗಳಲ್ಲಿ ಹಳೆಯ ದಾರಿಗಳ ಪಕ್ಕದಲ್ಲಿ, ಹೊಲದ ಬದುವಿನಲ್ಲಿ, ಊರಂಚಿನ ಗುಡಿಯ ಮುಂದೆ ಹುಣಸೆ, ಹಲಸು, ಮಾವು, ಆಲಗಳ ಹಿರಿಯ ಮರಗಳು ಇಂದಿಗೂ ಅಲ್ಲಲ್ಲಿ ಉಳಿದಿವೆ. ಇವುಗಳಲ್ಲೊಂದನ್ನು ಕಡಿಯುವ ದಿನವೆಂದರೆ ಊರಿಗೆ ಸಣ್ಣದೊಂದು ಜಾತ್ರೆ. ಶಾಲೆಗೆ ಹೊರಟ ಹುಡುಗರು ಚೀಲ ಹೆಗಲಲ್ಲಿರುವಂತೆಯೇ ನಿಂತುಬಿಡುತ್ತಾರೆ. ಹಾಲಿನ ಕ್ಯಾನು ಹೊತ್ತ ಬೈಸಿಕಲ್ಲು ದಾರಿಯ ಬದಿಗೆ ಸರಿಯುತ್ತದೆ. ಎಲ್ಲರ ಕಣ್ಣೂ ಮರದ ನೆತ್ತಿಯ ಮೇಲೆ. ನೂರು ವರ್ಷ ಅಲುಗದೆ ನಿಂತದ್ದು ಅಲುಗುವುದನ್ನು ನೋಡುವ ಆಸೆ ಮನುಷ್ಯನಲ್ಲಿ ಬಹಳ ಹಳೆಯದು; ಅದರಲ್ಲಿ ಸ್ವಲ್ಪ ಭಯವಿದೆ, ಸ್ವಲ್ಪ ಕ್ರೌರ್ಯವೂ ಇದೆ.

ಆ ಗುಂಪಿನಲ್ಲಿ ಒಬ್ಬನಿಗೆ ಮಾತ್ರ ಈ ರೋಮಾಂಚನ ಬೇಕಾಗಿಲ್ಲ. ಆತನೇ ಮರ ಕಡಿಯುವವನು. ಕೊಡಲಿಯನ್ನು ಬುಡಕ್ಕೆ ಒರಗಿಸಿಟ್ಟು ಆತ ಮರವನ್ನು ಸುತ್ತುತ್ತಾನೆ. ದೂರ ಹೋಗಿ ನಿಂತು ನೋಡುತ್ತಾನೆ. ಮತ್ತೆ ಬಂದು ಸುತ್ತುತ್ತಾನೆ. “ಯಾವ ಕಡೆಗಯ್ಯ ಬೀಳೋದು?” ಎಂದು ಮರದ ಒಡೆಯ ಅವಸರಪಡಿಸಿದರೆ, “ಇನ್ನೂ ನೋಡ್ಬೇಕು ಗೌಡ್ರೆ” ಎಂಬುದೇ ಉತ್ತರ. ನೋಡುವವರಿಗೆ ಇದು ಸೋಮಾರಿತನವಾಗಿ ಕಂಡೀತು. ವಾಸ್ತವವಾಗಿ ಆ ದಿನದ ಕೆಲಸದಲ್ಲಿ ಅತ್ಯಂತ ಮುಖ್ಯವಾದ ಭಾಗ ಇದೇ. ಮರ ನೆಲ ಮುಟ್ಟಲು ಬೇಕಾಗುವುದು ಕೆಲವೇ ಕ್ಷಣ. ಆ ಕ್ಷಣಗಳಲ್ಲಿ ಅಚ್ಚರಿಯೆಂಬುದು ಇರದಂತೆ ನೋಡಿಕೊಳ್ಳುವುದೇ ಆತನ ವಿದ್ಯೆ.

ಆತ ನೋಡುವುದಾದರೂ ಏನನ್ನು? ಮೊದಲನೆಯದು ಮರದ ವಾಲು. ನೆಟ್ಟಗೆ ನಿಂತಂತೆ ತೋರುವ ಮರವೂ ಬೆಳಕಿನ ಕಡೆಗೆ ಹೆಚ್ಚು ಕೊಂಬೆ ಚಾಚಿರುತ್ತದೆ. ಭಾರವೆಲ್ಲ ಆ ಕಡೆಗೆ. ಎರಡನೆಯದು ಗಾಳಿ. ಹುಣಸೆಯ ಎಲೆ ಸಣ್ಣದಾದರೂ ಚಪ್ಪರ ದಟ್ಟ. ಆಷಾಢದ ಗಾಳಿ ಅದಕ್ಕೆ ಸಿಕ್ಕಿದರೆ ಲೆಕ್ಕವೆಲ್ಲ ತಲೆಕೆಳಗು. ಆದ್ದರಿಂದ ಗಾಳಿ ಏಳುವ ಮುಂಚಿನ ಬೆಳಗಿನ ಹೊತ್ತೇ ಪ್ರಶಸ್ತ. ಮೂರನೆಯದು ಮೇಲೆ ಸಿಕ್ಕಿಕೊಂಡಿರುವ ಒಣಕೊಂಬೆ. ಪೆಟ್ಟಿನ ಅದಿರಿಗೆ ಅದು ಕಳಚಿ, ಕೆಳಗೆ ಕೆಲಸ ಮಾಡುವವನ ತಲೆಯ ಮೇಲೆ ಸದ್ದಿಲ್ಲದೆ ಬರಬಲ್ಲುದು. ಇವುಗಳ ಜೊತೆಗೆ ಇಂದು ವಿದ್ಯುತ್ತಿನ ತಂತಿ, ಪಕ್ಕದ ಮನೆಯ ಶೀಟಿನ ಮಾಡು, ರಸ್ತೆಯ ಸಂಚಾರ.

ಭಾರದ ವಿಷಯವನ್ನು ಸ್ವಲ್ಪ ಗಣಿತದಿಂದಲೇ ತಿಳಿಯಬಹುದು. ಹಸಿ ಹುಣಸೆಯ ಮರ ಒಂದು ಘನ ಮೀಟರಿಗೆ ಸುಮಾರು 1 ಟನ್ನು ತೂಗುತ್ತದೆ. ಬೊಡ್ಡೆಯ ಅಡ್ಡಳತೆ 1 ಮೀಟರು, ಕವಲೊಡೆಯುವವರೆಗಿನ ಎತ್ತರ 6 ಮೀಟರು ಎಂದಿಟ್ಟುಕೊಳ್ಳಿ. ಆ ಬೊಡ್ಡೆಯೊಂದೇ ನಾಲ್ಕೂವರೆ ಟನ್ನಿಗೂ ಮಿಗಿಲಾಯಿತು. ಅಂದರೆ ನಾಲ್ಕೈದು ಸಣ್ಣ ಮೋಟಾರು ಕಾರುಗಳ ಭಾರ. ಕೊಂಬೆಗಳ ಲೆಕ್ಕ ಬೇರೆ. ಇಷ್ಟು ಭಾರವನ್ನು ಬೇಕಾದ ಕಡೆಗೆ ಎಳೆದು ಬೀಳಿಸುವೆನೆಂದು ಹತ್ತು ಜನ ಹಗ್ಗ ಹಿಡಿದರೆ, ಮರ ಮನಸ್ಸು ಬದಲಿಸಿದ ಕ್ಷಣ ಹತ್ತು ಜನರೂ ಹಗ್ಗದ ಜೊತೆಗೆ ಹೋದಾರು. ಹಗ್ಗ ದಾರಿ ತೋರಿಸೀತೇ ಹೊರತು ಭಾರವನ್ನು ಹೊರಲಾರದು.

ಹಾಗಾದರೆ ಮರವನ್ನು ನಡೆಸುವುದು ಯಾವುದು? ಕಡಿಯದೆ ಉಳಿಸಿದ ಭಾಗ! ವಿಚಿತ್ರವೆನಿಸಿದರೂ ಇದೇ ಈ ಕಸುಬಿನ ಗುಟ್ಟು. ಬೀಳಬೇಕಾದ ಕಡೆಗೆ ಮೊದಲು ಬಾಯ್ದೆರೆದ ಒಂದು ಕಚ್ಚು ಹಾಕುತ್ತಾರೆ. ಅದರ ಆಳ ಬೊಡ್ಡೆಯ ಅಡ್ಡಳತೆಯ ನಾಲ್ಕನೆಯ ಒಂದರಿಂದ ಮೂರನೆಯ ಒಂದು ಪಾಲು. ಅನಂತರ ಹಿಂಬದಿಯಿಂದ, ಕಚ್ಚಿನ ತಳಕ್ಕಿಂತ ಎರಡು ಬೆರಳಷ್ಟು ಮೇಲೆ, ಗರಗಸ ಬರುತ್ತದೆ. ಎರಡೂ ಕೂಡುವಂತಿಲ್ಲ. ನಡುವೆ ಅಡ್ಡಳತೆಯ ಹತ್ತನೆಯ ಒಂದು ಪಾಲಿನಷ್ಟು ಮರವನ್ನು ಪಟ್ಟಿಯಂತೆ ಉಳಿಸಬೇಕು. ಬಾಗಿಲಿಗೆ ಕೀಲು ಹೇಗೋ ಬೀಳುವ ಮರಕ್ಕೆ ಈ ಪಟ್ಟಿ ಹಾಗೆ. ಮರ ಅದರ ಮೇಲೆ ತಿರುಗಿ, ಕಚ್ಚಿನ ಬಾಯಿ ಮುಚ್ಚುವವರೆಗೂ ನೇರವಾಗಿ ಬಾಗುತ್ತದೆ. ಅತಿಯಾಸೆಯಿಂದ ಆ ಪಟ್ಟಿಯನ್ನೂ ಕೊಯ್ದವನಿಗೆ ಮರದ ಮೇಲಿನ ಹಿಡಿತವೆಲ್ಲ ತಪ್ಪಿತು. ಅದು ಬಲಕ್ಕೂ ಬಿದ್ದೀತು, ಎಡಕ್ಕೂ ಬಿದ್ದೀತು, ಹಿಂದಕ್ಕೆ ಕುಳಿತು ಗರಗಸವನ್ನೇ ಕಚ್ಚಿಕೊಂಡೀತು. ಹಿಂದಕ್ಕೆ ಕೂರದಿರಲೆಂದೇ ಗರಗಸದ ದಾರಿಯಲ್ಲಿ ಬೆಣೆ ಹೊಡೆಯುವುದು.

ಬೆಣೆಯ ಮೇಲೆ ಸುತ್ತಿಗೆ ಬೀಳುತ್ತಿರುವಾಗ ಮರ ಮೊದಲ ಬಾರಿಗೆ ಮಾತನಾಡುತ್ತದೆ. ಒಳಗಿನ ನಾರು ಒಂದೊಂದಾಗಿ ಹರಿಯುವ ಚಿಟಿಚಿಟಿ ಸದ್ದು. ಆಮೇಲೆ ನಿಡಿದಾದ ಒಂದು ನರಳು. ನೆತ್ತಿಯ ರೆಂಬೆ ಒಂದು ಗೇಣು ಸರಿಯಿತೋ ಇಲ್ಲವೋ ಎಂಬಷ್ಟರಲ್ಲಿ ಆತ ಹಿಂದಿರುಗಿ ಹೊರಟಿರಬೇಕು. ನೇರ ಹಿಂದಕ್ಕಲ್ಲ, ಓರೆಯಾಗಿ. ಏಕೆಂದರೆ ಬೀಳುವ ಮರದ ಬುಡ ಒಮ್ಮೊಮ್ಮೆ ಕತ್ತೆಯಂತೆ ಹಿಂದಕ್ಕೆ ಒದೆಯುತ್ತದೆ. ಆ ದಾರಿಯಲ್ಲಿ ಕಲ್ಲು, ಬಳ್ಳಿ, ಚಕ್ಕೆಗಳಿಲ್ಲವೆಂದು ಕೊಡಲಿ ಎತ್ತುವ ಮುಂಚೆಯೇ ನೋಡಿರಬೇಕು. ಉಳಿದವರು ಮರದ ಎತ್ತರದ ಎರಡರಷ್ಟು ದೂರದಲ್ಲಿರಬೇಕೆಂಬುದು ನಿಯಮ. ಶಾಲೆಯ ಹುಡುಗರಿಗೆ ಈ ನಿಯಮವನ್ನು ಕಲಿಸುವುದೇ ಮರ ಕಡಿಯುವುದಕ್ಕಿಂತ ಕಷ್ಟ!

ಇಷ್ಟೆಲ್ಲ ಮಾಡಿಯೂ ಕೈತಪ್ಪುವ ಸಂದರ್ಭಗಳಿವೆ. ಹೆಚ್ಚು ವಾಲಿದ ಮರ ಹಿಂಬದಿಯ ಕೊಯ್ತ ಮುಗಿಯುವ ಮೊದಲೇ ಉದ್ದಕ್ಕೆ ಸೀಳಿ, ಸೀಳಿದ ಅರ್ಧ ಆಳೆತ್ತರಕ್ಕೆ ಎಗರಬಹುದು; ಅನುಭವಿಗಳು ಅತಿಯಾಗಿ ಹೆದರುವುದು ಇದಕ್ಕೆ. ಪಕ್ಕದ ಮರದ ಕವಲಿನಲ್ಲಿ ಸಿಕ್ಕಿಕೊಂಡು ಅರ್ಧಕ್ಕೆ ನಿಂತ ಮರ ಇನ್ನೊಂದು ಸಂಕಟ. ಅದರ ಕೆಳಗೆ ಹೋಗಿ ಬಿಡಿಸಹೊರಟವರು ಪ್ರಾಣ ತೆತ್ತದ್ದುಂಟು. ಬಿದ್ದ ಮೇಲೂ ಅಪಾಯ ಮುಗಿಯದು. ನೆಲಕ್ಕೆ ಒತ್ತಿ ಬಿಲ್ಲಿನಂತೆ ಬಾಗಿದ ಕೊಂಬೆಯನ್ನು ತಪ್ಪು ಮಗ್ಗುಲಿನಿಂದ ಕಡಿದರೆ ಅದು ಚಿಮ್ಮಿ ಎದೆಗೆ ಬಡಿಯುತ್ತದೆ.

ಹಿಂದೆ ಇಬ್ಬರು ಎದುರುಬದುರು ಕುಳಿತು ಉದ್ದನೆಯ ಗರಗಸವನ್ನು ಎಳೆಯುತ್ತಿದ್ದರು; ದೊಡ್ಡ ಮರಕ್ಕೆ ಇಡೀ ದಿನ ಹಿಡಿಯುತ್ತಿತ್ತು. ಜರ್ಮನಿಯ ಆಂಡ್ರಿಯಾಸ್ ಷ್ಟೀಲ್ 1929ರಲ್ಲಿ ಪೆಟ್ರೋಲಿನಿಂದ ನಡೆಯುವ ಸರಪಳಿ ಗರಗಸವನ್ನು ಹೊರತಂದ. ಅಂದು ಅದನ್ನು ಹಿಡಿಯಲು ಇಬ್ಬರು ಬೇಕಾಗಿದ್ದರು. ಇಂದು ಒಬ್ಬನೇ ಅಂಥದನ್ನು ಒಂದು ಕೈಯಲ್ಲಿ ಎತ್ತಿಕೊಂಡು ನಡೆಯುತ್ತಾನೆ. ದಿನದ ಕೆಲಸ ಗಳಿಗೆಯ ಕೆಲಸವಾಯಿತು. ಶ್ರಮ ಉಳಿಯಿತೆಂಬುದು ನಿಜ. ಆದರೆ ಯಂತ್ರದ ಅಬ್ಬರದಲ್ಲಿ ನಾರು ಹರಿಯುವ ಆ ಚಿಟಿಚಿಟಿ ಸದ್ದು ಕಿವಿಗೆ ಬೀಳುವುದಿಲ್ಲ. ಮರ ಕೊಡುತ್ತಿದ್ದ ಎಚ್ಚರಿಕೆಯನ್ನು ಈಗ ಕಣ್ಣಿನಿಂದಲೇ ಓದಬೇಕಾಗಿದೆ.

ಕಣ್ಣಿಗೂ ಕಿವಿಗೂ ಮೋಸ ಮಾಡುವ ಸಂಗತಿ ಇನ್ನೊಂದಿದೆ. ಅದು ಪೊಟರೆ. ಒಳಗೆ ಟೊಳ್ಳಾದ ಮರದಲ್ಲಿ, ಕೀಲಾಗಿ ಉಳಿಯಬೇಕಾದ ಪಟ್ಟಿಯ ನಡುಭಾಗವೇ ಇರುವುದಿಲ್ಲ. ಎರಡು ಅಂಚು ಮಾತ್ರ. ಅದಕ್ಕಾಗಿಯೇ ಬಲ್ಲವನು ಕೊಡಲಿಯ ಹಿಂಬದಿಯಿಂದ ಬೊಡ್ಡೆಯನ್ನು ಸುತ್ತಲೂ ತಟ್ಟಿ, ಹಲಸಿನ ಹಣ್ಣನ್ನು ತಟ್ಟಿ ನೋಡುವ ಹೆಂಗಸಿನಂತೆ, ಸದ್ದಿಗೆ ಕಿವಿಗೊಡುತ್ತಾನೆ.

ಟೊಳ್ಳು ಮರವೆಂದೊಡನೆ ಪಟ್ಟಣಿಗರು ಹೇಳುವ ಮಾತು ಒಂದೇ: “ಒಳಗೆಲ್ಲ ಹೋಗಿದೆ, ಕಡಿಸಿಬಿಡಿ.” ಹೀಗೆ ಹೇಳುವವರು ಒಮ್ಮೆ ದೇವನಹಳ್ಳಿ ತಾಲ್ಲೂಕಿನ ನಲ್ಲೂರಿಗೆ ಹೋಗಿ ಬರಬೇಕು. ಅಲ್ಲಿ 54 ಎಕರೆಯ ತೋಪಿನಲ್ಲಿ ಸುಮಾರು 300 ಹುಣಸೆಯ ಮರಗಳಿವೆ. ನಡುವೆ ಹಳೆಯ ದೇವಾಲಯದ ಅವಶೇಷ. ತೋಪು ಚೋಳರ ಕಾಲದ್ದೆಂಬುದು ಜನರ ನಂಬಿಕೆ. ಅಲ್ಲಿನ ಒಂದು ಮರಕ್ಕೆ 400 ವರ್ಷಕ್ಕೂ ಹೆಚ್ಚು ವಯಸ್ಸೆಂದು ಇಂಗಾಲದ ಪರೀಕ್ಷೆಯಿಂದ ಲೆಕ್ಕ ಹಾಕಲಾಗಿದೆ. 2007ರಲ್ಲಿ ಇದು ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಿತವಾಯಿತು, ದೇಶದಲ್ಲೇ ಮೊದಲನೆಯದು. ಆ ಮರಗಳಲ್ಲಿ ಎಷ್ಟೋ ಮರಗಳ ಬೊಡ್ಡೆ ತಿರುಚಿ, ಬಾಯ್ಬಿಟ್ಟು, ಒಳಗೆ ಟೊಳ್ಳಾಗಿದೆ. ಆದರೂ ನೆತ್ತಿಯಲ್ಲಿ ಚಿಗುರಿದೆ, ಕಾಯಿದೆ.

ಇದರಲ್ಲಿ ಪವಾಡವೇನೂ ಇಲ್ಲ. ಮರದ ನಡುವಿನ ಕೆಚ್ಚು ಸತ್ತ ಭಾಗ, ಬಲಕ್ಕಾಗಿ ಇರುವುದು. ಬೇರಿನಿಂದ ಎಲೆಗೆ ನೀರು ಏರುವುದು ತೊಗಟೆಯ ಕೆಳಗಿನ ಹೊರ ಪದರಗಳಲ್ಲಿ. ಒಳಗು ಕರಗಿದರೂ ಹೊರಗು ಗಟ್ಟಿಯಾಗಿದ್ದರೆ ಮರ ಬಾಳುತ್ತದೆ. ಕೊಳವೆಯಂತೆ ನಿಲ್ಲುವ ಬಲವೂ ಅದಕ್ಕೆ ಇರುತ್ತದೆ. ಎಲ್ಲ ಟೊಳ್ಳು ಮರಗಳೂ ನಿರಪಾಯವೆಂದಲ್ಲ. ಗೋಡೆಯ ದಪ್ಪ ಎಷ್ಟು ಉಳಿದಿದೆ, ಬೇರು ಗಟ್ಟಿಯಿದೆಯೆ, ಬಿದ್ದರೆ ಯಾರ ಮೇಲೆ ಎಂದು ನೋಡಿಯೇ ಹೇಳಬೇಕು. ಭಾರದ ಒಂದೆರಡು ಕೊಂಬೆಗಳನ್ನು ತೆಗೆದರೆ ಸಾಲುವಲ್ಲಿ ಬುಡಕ್ಕೇ ಗರಗಸ ಇಡುವುದು, ಹಲ್ಲುನೋವಿಗೆ ತಲೆ ತೆಗೆದಂತೆ.

ಕಾನೂನು ಕೂಡ ಈ ಯೋಚನೆಗೆಂದೇ ಸ್ವಲ್ಪ ಕಾಲವನ್ನು ಕಾದಿರಿಸಿದೆ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ, ವಿನಾಯಿತಿ ಪಡೆದ ಕೆಲವು ಜಾತಿಗಳನ್ನು ಬಿಟ್ಟರೆ, ಸ್ವಂತ ಹಿತ್ತಲಿನ ಮರವನ್ನು ಕಡಿಯುವುದಕ್ಕೂ ಅಧಿಕಾರಿಯ ಅನುಮತಿ ಬೇಕು. ಅನೇಕರು ಇದನ್ನು ಕಿರುಕುಳವೆಂದು ಗೊಣಗುತ್ತಾರೆ. ಆದರೆ ತಡೆದು ನೋಡಿದ್ದರಿಂದ ಉಳಿದ ಮರಗಳ ಉದಾಹರಣೆ ದೂರವೇನಿಲ್ಲ. 2007ರವರೆಗೆ ಬೆಂಗಳೂರು ಗ್ರಾಮಾಂತರ ಜಿಲ್ಲೆಗೇ ಸೇರಿದ್ದ ಮಾಗಡಿ ತಾಲ್ಲೂಕಿನಲ್ಲಿ, ಹುಲಿಕಲ್ಲಿನಿಂದ ಕುದೂರಿನ ದಾರಿಯುದ್ದಕ್ಕೂ ಸಾಲುಮರದ ತಿಮ್ಮಕ್ಕನೂ ಆಕೆಯ ಪತಿ ಚಿಕ್ಕಯ್ಯನೂ ಕೊಡದಲ್ಲಿ ನೀರು ಹೊತ್ತು 385 ಆಲದ ಮರಗಳನ್ನು ಬೆಳೆಸಿದ್ದರು. 2019ರಲ್ಲಿ ರಸ್ತೆಯ ಅಗಲೀಕರಣ ಆ ಸಾಲಿನ ಹತ್ತಿರ ಬಂತು. ಮುಪ್ಪಿನ ತಿಮ್ಮಕ್ಕ ಸರ್ಕಾರದ ಬಾಗಿಲಿಗೇ ಹೋಗಿ ಮಕ್ಕಳಂಥ ಮರಗಳನ್ನು ಬಿಡಿರೆಂದು ಕೇಳಿಕೊಂಡರು. ಮರಗಳಿಗೆ ಧಕ್ಕೆಯಾಗದಂತೆ ಬೇರೆ ದಾರಿ ನೋಡುವುದಾಗಿ ಸರ್ಕಾರ ಒಪ್ಪಿತು. ತಿಮ್ಮಕ್ಕ 2025ರ ನವೆಂಬರಿನಲ್ಲಿ ತೀರಿಕೊಂಡರು.

ದೊಡ್ಡ ಮರದ ಮುಂದೆ ಕೇಳಬೇಕಾದ ಪ್ರಶ್ನೆಗಳು ಎರಡು. ಯಾವ ಕಡೆಗೆ ಬೀಳಬೇಕು ಎಂಬುದು ಕಡಿಯುವವನದು. ಬೀಳಲೇಬೇಕೆ ಎಂಬುದು ಕಡಿಸುವವನದು. ಮೊದಲನೆಯದಕ್ಕೆ ಆ ಬಡ ಕೂಲಿಗಾರ, ತನ್ನ ಪ್ರಾಣವನ್ನು ಪಣಕ್ಕಿಟ್ಟಿರುವುದರಿಂದ, ಬೆಳಗಿನ ಅರ್ಧ ಹೊತ್ತನ್ನು ವ್ಯಯಿಸುತ್ತಾನೆ. ಎರಡನೆಯದಕ್ಕೆ ಒಡೆಯ ಎಷ್ಟು ಹೊತ್ತು ಕೊಡುತ್ತಾನೆ? ಹಿತ್ತಲಲ್ಲಿ ಹಳೆಯ ಮರವಿರುವ ಕುಟುಂಬಗಳು ಮರ ಕಡಿಯುವವನಿಂದ ಅಷ್ಟನ್ನಾದರೂ ಕಲಿಯಬಹುದು: ಒಮ್ಮೆ ಸುತ್ತು ಹಾಕಿ, ದೂರ ನಿಂತು ನೋಡಿ, ತಟ್ಟಿ ಕೇಳಿ, ಮತ್ತೊಮ್ಮೆ ಸುತ್ತು ಹಾಕುವುದು. ಅಷ್ಟಾದ ಮೇಲೂ ಕಡಿಯುವುದು ಅನಿವಾರ್ಯವೆನಿಸಿದರೆ, ಆಗ ಕೆಲಸ ಬಲ್ಲವನನ್ನೇ ಕರೆಯಬೇಕು. ಹುಡುಗರನ್ನು ಒಳಗೆ ಕೂರಿಸಬೇಕು. ಅವನು “ಇನ್ನೂ ನೋಡ್ಬೇಕು” ಎಂದಾಗ ಅವಸರಪಡಿಸಬಾರದು.