ಸೆಮಿಸ್ಟರಿನ ನಡುವೆ ಕೇಳಬೇಕಾದ ಮಾತು

ನವೆಂಬರ್ ಮುಗಿಯುವ ಹೊತ್ತಿಗೆ ಶಿಕಾಗೊ ಮತ್ತು ಡೆಟ್ರಾಯಿಟ್ ಸುತ್ತಮುತ್ತಲ ವಿಶ್ವವಿದ್ಯಾಲಯಗಳ ವಿದ್ಯಾರ್ಥಿಗಳಿಗೆ ಒಂದೇ ಬಗೆಯ ಇಮೇಲ್‌ಗಳು ಬರತೊಡಗುತ್ತವೆ. ನೀವು ಓದಿದ ಕೋರ್ಸಿನ ಬಗ್ಗೆ, ಪಾಠ ಹೇಳಿದವರ ಬಗ್ಗೆ ಅಭಿಪ್ರಾಯ ತಿಳಿಸಿ ಎಂಬುದು ಅವುಗಳ ಒಕ್ಕಣೆ. ವಿಷಯವನ್ನು ಸ್ಪಷ್ಟವಾಗಿ ವಿವರಿಸಿದರೇ, ಪ್ರಶ್ನೆ ಕೇಳಲು ಅವಕಾಶವಿತ್ತೇ ಎಂದು ಕೇಳಿ ಐದರಲ್ಲಿ ಇಷ್ಟೆಂದು ಅಂಕ ಕೊಡಿಸುತ್ತಾರೆ. ಕೆಳಗೆ ಬರೆಯಲು ಖಾಲಿ ಜಾಗವಿರುತ್ತದೆ. ಬರೆದವರ ಹೆಸರು ಬೋಧಕರಿಗೆ ತಿಳಿಯುವುದಿಲ್ಲ. ಗ್ರೇಡುಗಳನ್ನು ಸಲ್ಲಿಸಿದ ಮೇಲಷ್ಟೇ ಅವರು ಅದನ್ನು ಓದಬಹುದು.

ನಾಡಿನಿಂದ ಹೊಸದಾಗಿ ಬಂದ ನಮ್ಮ ಮಕ್ಕಳಲ್ಲಿ ಹಲವರು ಎಲ್ಲಕ್ಕೂ ಐದಕ್ಕೈದು ಕೊಟ್ಟು ಕೈ ತೊಳೆದುಕೊಳ್ಳುತ್ತಾರೆ, ಇಲ್ಲವೇ ಇಮೇಲನ್ನು ತೆರೆಯುವುದೇ ಇಲ್ಲ. ಅವರನ್ನು ದೂರಿ ಫಲವಿಲ್ಲ. ಇಂಟರ್ನಲ್ಸ್ ಅಂಕ ಯಾರ ಕೈಯಲ್ಲಿದೆಯೋ ಅವರ ಪಾಠದ ಬಗ್ಗೆ ಸೊಲ್ಲೆತ್ತಬಾರದೆಂಬ ವಿವೇಕವನ್ನು ನಾವೇ ಅವರಿಗೆ ಕಲಿಸಿ ಕಳಿಸಿದ್ದೇವೆ. ಬೆಂಗಳೂರಿನಲ್ಲಿ ಕೇಂದ್ರ ಕಚೇರಿಯಿರುವ ನ್ಯಾಕ್ ಸಂಸ್ಥೆ ಕಾಲೇಜುಗಳ ಮಾನ್ಯತೆಗೆ ವಿದ್ಯಾರ್ಥಿಗಳ ಅಭಿಪ್ರಾಯವನ್ನೂ ಪರಿಗಣಿಸುತ್ತದೆ, ನಿಜ. ಆದರೆ ಸಮಿತಿ ಬರುವ ಮುನ್ನ ತುಂಬಿಸಿ ಕಡತ ಸೇರುವ ಹಾಳೆಯಿಂದ ಯಾವ ಮೇಷ್ಟರ ಪಾಠ ಸುಧಾರಿಸೀತು?

ಹಾಗೆಂದು ಅಮೆರಿಕದ ಪದ್ಧತಿಯನ್ನು ತಲೆಯ ಮೇಲೆ ಹೊತ್ತು ಕುಣಿಯಬೇಕಾದದ್ದೂ ಇಲ್ಲ. ಇದರ ಬೇರುಗಳಲ್ಲಿ ಒಂದು ನಮ್ಮ ಪಕ್ಕದಲ್ಲೇ ಇದೆ. ಶಿಕಾಗೊದಿಂದ ಎರಡು ಗಂಟೆಯ ದಾರಿಯಲ್ಲಿರುವ ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ ಹರ್ಮನ್ ರೆಮ್ಮರ್ಸ್ ಎಂಬ ಮನಶ್ಶಾಸ್ತ್ರಜ್ಞರು 1920ರ ದಶಕದಲ್ಲಿಯೇ ವಿದ್ಯಾರ್ಥಿಗಳು ಬೋಧಕರನ್ನು ಅಳೆಯುವ ಮಾನದಂಡವೊಂದನ್ನು ರೂಪಿಸಿದರು. ಮುಂದೆ ಅದೇ ಬಗೆಯ ಹಾಳೆಗಳು ದೇಶವೆಲ್ಲ ಹಬ್ಬಿ, ಬಡ್ತಿಗೂ ಗುತ್ತಿಗೆ ನವೀಕರಣಕ್ಕೂ ಆಧಾರವಾದವು. ಪಾಠವನ್ನು ತಿದ್ದುವುದು, ಪಾಠ ಮಾಡುವವರ ಹಣೆಬರಹ ನಿರ್ಧರಿಸುವುದು, ಎರಡನ್ನೂ ಒಂದೇ ಹಾಳೆಗೆ ವಹಿಸಿದ್ದೇ ತೊಡಕಿನ ಮೂಲವೆಂದು ನನ್ನ ಎಣಿಕೆ. ಅನ್ನ ಆ ಅಂಕವನ್ನು ನೆಚ್ಚಿಕೊಂಡಿರುವಾಗ ಕಟುವಾದ ಒಂದು ಮಾತನ್ನು ತಣ್ಣಗೆ ಕುಳಿತು ಓದುವುದು ಯಾರಿಗೂ ಸುಲಭವಲ್ಲ.

ಅಂಕವಾದರೂ ನಿಷ್ಪಕ್ಷಪಾತವೇ? ನಾರ್ತ್ ಕ್ಯಾರೊಲಿನಾದಲ್ಲಿ ಆನ್‌ಲೈನ್ ತರಗತಿಯೊಂದರ ಬೋಧಕ, ಬೋಧಕಿಯರ ಹೆಸರುಗಳನ್ನು ಅದಲುಬದಲು ಮಾಡಿ ನೋಡಿದ ಪ್ರಯೋಗವೊಂದು 2015ರಲ್ಲಿ ಪ್ರಕಟವಾಯಿತು. ಮನೆಗೆಲಸವನ್ನು ಇಬ್ಬರೂ ಒಂದೇ ಹೊತ್ತಿಗೆ ತಿದ್ದಿ ಹಿಂದಿರುಗಿಸಿದ್ದರೂ, ಸಕಾಲಿಕತೆಗೆ ಗಂಡಸಿನ ಹೆಸರಿಗೆ 4.35, ಹೆಂಗಸಿನ ಹೆಸರಿಗೆ 3.55 ಅಂಕ ಸಿಕ್ಕಿತು. ಟೊರಾಂಟೊದ ರಯರ್ಸನ್ ವಿಶ್ವವಿದ್ಯಾಲಯದ ವಿವಾದದಲ್ಲಿ 2018ರಲ್ಲಿ ತೀರ್ಪಿತ್ತ ಮಧ್ಯಸ್ಥಗಾರರು, ಬಡ್ತಿಗಾಗಿ ಬೋಧನೆಯ ಪರಿಣಾಮವನ್ನು ಅಳೆಯಲು ಈ ಅಂಕಗಳನ್ನು ಬಳಸಕೂಡದೆಂದರು.

ಇಲ್ಲಿಗೆ ಬರಲು ಸಿದ್ಧತೆ ನಡೆಸಿರುವವರಿಗೆ ಇದು ದೂರದ ಮಾತಲ್ಲ. ಟೀಚಿಂಗ್ ಅಸಿಸ್ಟೆಂಟ್ ಕೆಲಸ ದೊರೆತರೆ ಬೋಧನಾ ಶುಲ್ಕದ ಹೊರೆ ಇಳಿಯುತ್ತದೆಂಬ ಲೆಕ್ಕಾಚಾರ ಎಷ್ಟೋ ಮನೆಗಳಲ್ಲಿ ಬ್ಯಾಂಕ್ ಸಾಲದ ಕಾಗದದ ಜೊತೆಗೇ ಇರುತ್ತದೆ. ನಿನ್ನೆಯವರೆಗೆ ಬೆಂಚಿನ ಮೇಲೆ ಕುಳಿತಿದ್ದ ಹುಡುಗಿ ಇಂದು ಹದಿನೆಂಟರ ಹರೆಯದ ಅಮೆರಿಕನ್ ಮಕ್ಕಳೆದುರು ಕ್ಯಾಲ್ಕುಲಸ್ ಬಿಡಿಸುತ್ತ ನಿಲ್ಲುತ್ತಾಳೆ. ಇಲಿನಾಯ್ ರಾಜ್ಯದಲ್ಲಿ ಸರ್ಕಾರಿ ವಿಶ್ವವಿದ್ಯಾಲಯಗಳ ಬೋಧಕರಿಗೆ ಇಂಗ್ಲಿಷ್ ಮಾತುಗಾರಿಕೆಯ ಅರ್ಹತೆ ಇರಬೇಕೆಂಬ ಕಾನೂನೇ ಇದೆ. ಅದನ್ನು ದಾಟಿ ಬಂದವಳಿಗೂ ಡಿಸೆಂಬರಿನಲ್ಲಿ ಸಿಗುವ ಟೀಕೆ ಒಂದು ಸಾಲಿನದು: ಇವರ ಉಚ್ಚಾರಣೆ ತಿಳಿಯುವುದಿಲ್ಲ.

ಈ ಸಾಲಿನಲ್ಲಿ ನಿಜವೆಷ್ಟು, ಕಣ್ಣು ಕಿವಿಗೆ ಹೇಳಿಕೊಟ್ಟದ್ದೆಷ್ಟು? ಜಾರ್ಜಿಯಾ ವಿಶ್ವವಿದ್ಯಾಲಯದ ಡೊನಾಲ್ಡ್ ರೂಬಿನ್ 1992ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಇಂಗ್ಲಿಷೇ ಮಾತೃಭಾಷೆಯಾಗಿದ್ದ ಒಬ್ಬಳೇ ಮಹಿಳೆಯ ಧ್ವನಿಮುದ್ರಣವನ್ನು ವಿದ್ಯಾರ್ಥಿಗಳಿಗೆ ಕೇಳಿಸಲಾಯಿತು. ಕೆಲವರೆದುರು ಬಿಳಿಯ ಮಹಿಳೆಯ ಚಿತ್ರ, ಮಿಕ್ಕವರೆದುರು ಏಷ್ಯಾದ ಮಹಿಳೆಯ ಚಿತ್ರ. ಏಷ್ಯಾದ ಮುಖ ಕಂಡವರಿಗೆ ಅದೇ ಧ್ವನಿಯಲ್ಲಿ ಪರದೇಶಿ ಉಚ್ಚಾರಣೆ ಕೇಳಿಸಿತು. ಪಾಠ ಅರ್ಥವಾದದ್ದೂ ಕಡಿಮೆ.

ಆದರೆ ದೂರೆಲ್ಲವೂ ಪೂರ್ವಗ್ರಹವೆಂದು ತಳ್ಳಿಹಾಕಿದರೆ ನಷ್ಟ ನಮ್ಮದೇ. ನಾವು ಇಂಗ್ಲಿಷನ್ನು ಓಟದಲ್ಲಿ ಆಡುತ್ತೇವೆ. ಬೋರ್ಡಿನ ಕಡೆ ಮುಖ ಮಾಡಿ ಬರೆಯುತ್ತಲೇ ಮಾತಾಡುತ್ತೇವೆ. ಲೆಕ್ಕದ ನಡುವಿನ ಎರಡು ಹೆಜ್ಜೆಗಳನ್ನು ಪಿಯುಸಿಯಲ್ಲಿ ಮಾಡಿದ್ದೆವಲ್ಲ ಎಂದು ಹಾರಿಸಿಬಿಡುತ್ತೇವೆ. ಕೇಳುವವರಿಗೆ ಇವೆಲ್ಲ ಒಟ್ಟಾಗಿ ಉಚ್ಚಾರಣೆಯ ದೋಷವಾಗಿ ತೋರುತ್ತವೆ. ಬಿಡಿಸಿ ಹೇಳುವವರಿದ್ದರೆ ಇವನ್ನು ಒಂದು ವಾರದಲ್ಲಿ ತಿದ್ದಿಕೊಳ್ಳಬಹುದು. ಡಿಸೆಂಬರಿನಲ್ಲಿ ತಿಳಿದರೆ ಊರು ಸೂರೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಂತೆ.

ಇದಕ್ಕೊಂದು ಹದವಾದ ದಾರಿಯನ್ನು ಡೆಟ್ರಾಯಿಟ್ ನೆರೆಯ ಆನ್ ಆರ್ಬರಿನಲ್ಲಿ ಕಾಣಬಹುದು. ಮಿಷಿಗನ್ ವಿಶ್ವವಿದ್ಯಾಲಯ 1962ರಲ್ಲಿ ಕಲಿಕೆ ಮತ್ತು ಬೋಧನೆಯ ಸಂಶೋಧನೆಗೆಂದೇ ಸ್ಥಾಪಿಸಿದ ಕೇಂದ್ರ, ದೇಶದಲ್ಲಿ ಅಂಥ ಮೊದಲನೆಯದು. ಬೋಧಕರು ಕರೆದರೆ ಕೇಂದ್ರದ ಸಲಹೆಗಾರರು ಸೆಮಿಸ್ಟರಿನ ನಡುವೆ ಬಂದು ಪಾಠ ಕೇಳುತ್ತಾರೆ. ಬಳಿಕ ಬೋಧಕರು ಹೊರಗೆ ಹೋಗುತ್ತಾರೆ. ವಿದ್ಯಾರ್ಥಿಗಳು ಸಣ್ಣ ಗುಂಪುಗಳಲ್ಲಿ ಕುಳಿತು ಕಲಿಕೆಗೆ ನೆರವಾಗುತ್ತಿರುವುದು ಯಾವುದು, ಏನು ಬದಲಾಗಬೇಕು ಎಂದು ಮಾತಾಡಿ ಬರೆದುಕೊಡುತ್ತಾರೆ. ಸಲಹೆಗಾರರು ಅದನ್ನು ಬೋಧಕರೊಡನೆ ಏಕಾಂತದಲ್ಲಿ ಚರ್ಚಿಸುತ್ತಾರೆ. ಬೋಧಕರು ಮುಂದಿನ ತರಗತಿಯಲ್ಲಿ ವಿದ್ಯಾರ್ಥಿಗಳಿಗೆ ಉತ್ತರ ಕೊಡುತ್ತಾರೆ. ಗುಂಪಿನಲ್ಲಿ ಕುಳಿತಾಗ ಒಬ್ಬನ ಸಿಟ್ಟು ಇನ್ನೊಬ್ಬನ ಮಾತಿನಿಂದ ತಣಿಯುತ್ತದೆಂಬುದು ಇದರ ದೊಡ್ಡ ಲಾಭ. ಒಂಟಿಯಾಗಿ ಫೋನಿನಲ್ಲಿ ಬರೆಯುವಾಗ ಆ ತಡೆ ಇರುವುದಿಲ್ಲ.

ಇದು ಬರಿಯ ಸದಾಶಯವಲ್ಲ. ಈ ಬಗೆಯ ಅಧ್ಯಯನಗಳನ್ನು ಒಟ್ಟುಗೂಡಿಸಿ ಪೀಟರ್ ಕೋಹೆನ್ ಎಂಬ ಸಂಶೋಧಕರು 1980ರಲ್ಲಿ ಲೆಕ್ಕ ಹಾಕಿದರು. ನಡುಸೆಮಿಸ್ಟರಿನಲ್ಲಿ ಅಭಿಪ್ರಾಯ ತಿಳಿದ ಬೋಧಕರು ಶೇಕಡಾವಾರು ಸ್ಥಾನದಲ್ಲಿ 50ರಿಂದ 65ರ ಆಸುಪಾಸಿಗೆ ಏರಿದ್ದರು. ಅದರೊಂದಿಗೆ ಸಲಹೆಯ ನೆರವೂ ಸಿಕ್ಕವರು 74ರ ಹತ್ತಿರ. ಕೋಹೆನ್ ಅಳತೆಗೋಲಾಗಿ ಬಳಸಿದ್ದೂ ವಿದ್ಯಾರ್ಥಿಗಳ ಅಂಕವನ್ನೇ ಎಂಬ ತಕರಾರು ಉಳಿದೇ ಇದೆ. ಆದರೂ ಕಾಗದ ಕೈಗಿಡುವುದಕ್ಕೂ ಜೊತೆಗೆ ಕುಳಿತು ಓದುವುದಕ್ಕೂ ಇರುವ ಅಂತರ ಇದರಲ್ಲಿ ಕಾಣುತ್ತದೆ.

ಪೋಷಕರಿಗೆ ಒಂದು ಮಾತು. ಕಾಲೇಜು ಆರಿಸುವಾಗ ರ‍್ಯಾಂಕಿಂಗ್ ನೋಡುತ್ತೀರಿ, ಚಳಿಯ ಬಗ್ಗೆ ವಿಚಾರಿಸುತ್ತೀರಿ. ಹೊಸ ಟಿಎಗಳಿಗೆ ತರಬೇತಿ ಕೊಡುವ ಕೇಂದ್ರವಿದೆಯೇ ಎಂದೂ ಮಕ್ಕಳಿಂದ ಕೇಳಿಸಿ. ಶಿಕಾಗೊದ ದಕ್ಷಿಣಕ್ಕಿರುವ ಅರ್ಬಾನಾ-ಶಾಂಪೇನಿನ ಇಲಿನಾಯ್ ವಿಶ್ವವಿದ್ಯಾಲಯ, ವಿದ್ಯಾರ್ಥಿಗಳು ಅತ್ಯುತ್ತಮರೆಂದು ಅಂಕವಿತ್ತ ಬೋಧಕರ ಪಟ್ಟಿಯನ್ನು ಸೆಮಿಸ್ಟರಿಗೊಮ್ಮೆ ಪ್ರಕಟಿಸುತ್ತದೆ. ಅದರಲ್ಲಿ ಟಿಎಗಳ ಹೆಸರುಗಳೂ ಇರುತ್ತವೆ, ನಮ್ಮ ನಾಡಿನ ಕಡೆಯ ಹೆಸರುಗಳನ್ನು ಹುಡುಕಿ ಓದುವುದು ನನಗೊಂದು ಚಪಲ.

ಅಂಥ ಕೇಂದ್ರ ಇಲ್ಲದ ಕಾಲೇಜಿಗೆ ಸೇರಿದವರೂ ಆರನೆಯ ವಾರದಲ್ಲಿ ತಾವೇ ಹತ್ತು ನಿಮಿಷ ಬಿಡುವು ಮಾಡಿಕೊಂಡು ಖಾಲಿ ಚೀಟಿಗಳನ್ನು ಹಂಚಬಹುದು. ಯಾವುದು ಉಪಯೋಗವಾಗುತ್ತಿದೆ, ಯಾವುದು ಬದಲಾಗಬೇಕು ಎಂಬೆರಡು ಪ್ರಶ್ನೆ ಸಾಕು, ಹೆಸರು ಬೇಡ. ಮುಂದಿನ ತರಗತಿಯಲ್ಲಿ, ಬೋರ್ಡಿನಿಂದ ತಿರುಗಿ ನಿಂತು ಮಾತಾಡುತ್ತೇನೆ, ಉದಾಹರಣೆಗಳನ್ನು ಹೆಚ್ಚಿಸುತ್ತೇನೆ, ಮನೆಗೆಲಸ ಮಾತ್ರ ಕಡಿಮೆಯಾಗದು ಎಂದು ಕಾರಣ ಸಹಿತ ಹೇಳಬೇಕು. ಕಡೆಯ ಮಾತಿಗೆ ತರಗತಿ ಗೊಣಗುತ್ತದೆ. ಗೊಣಗಿದವರೇ ಆಮೇಲೆ ಆಫೀಸ್ ಅವರ್‌ಗೆ ಬಂದು, ಮೂರನೆಯ ಲೆಕ್ಕ ಎಲ್ಲಿ ತಪ್ಪಿತೆಂದು ಕೇಳುತ್ತಾರೆ.